ಮಗುವಿಗೂ ಒಂದು ಸೀಟು, ಒಂದು ಬೆಲ್ಟು

ಬೆಂಗಳೂರಿನಿಂದ ಲಂಡನ್, ಫ್ರಾಂಕ್‌ಫರ್ಟ್, ಸ್ಯಾನ್‌ಫ್ರಾನ್ಸಿಸ್ಕೊ ಕಡೆ ಹೊರಡುವ ಅಪ್ಪ-ಅಮ್ಮಂದಿರು ಹಾಲಿನ ಬಾಟಲಿ, ಡೈಪರ್, ಜ್ವರದ ಸಿರಪ್ ಎಲ್ಲವನ್ನೂ ನೆನಪಿಟ್ಟು ಜೋಡಿಸಿಕೊಳ್ಳುತ್ತಾರೆ. ಮಗುವನ್ನು ಭದ್ರವಾಗಿ ಕೂರಿಸುವುದು ಹೇಗೆ ಎಂಬ ಯೋಚನೆ ಮಾತ್ರ ವಿಮಾನ ಹತ್ತಿದ ಮೇಲೆ ಬರುತ್ತದೆ. ಅದು ಟಿಕೆಟ್ ತೆಗೆಯುವ ದಿನವೇ ತೀರ್ಮಾನವಾಗಬೇಕು.

1. ಸೀಟು ಕೊಳ್ಳಿ. ಎರಡು ವರ್ಷ ತುಂಬದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋಗಲು ವಿಮಾನ ಸಂಸ್ಥೆಗಳು ಬಿಡುತ್ತವೆ, ದರವೂ ತೀರಾ ಕಡಿಮೆ. ಆದರೆ ವಿಮಾನ ಏಕಾಏಕಿ ಕುಸಿದರೆ ತೋಳಿನ ಬಲ ಸಾಲದು, ಮಗು ಕೈಜಾರಿ ಮೇಲಕ್ಕೆ ಎಗರುತ್ತದೆ. 1989ರ ಜುಲೈ 19ರಂದು ಅಮೆರಿಕದ ಸೂ ಸಿಟಿಯಲ್ಲಿ ಯುನೈಟೆಡ್ 232 ವಿಮಾನ ತುರ್ತಾಗಿ ಇಳಿಯುವ ಮುನ್ನ, ಅಂದಿನ ನಿಯಮದಂತೆ ತೊಡೆಮಕ್ಕಳನ್ನು ನೆಲದ ಮೇಲೆ ಮಲಗಿಸಿ ಹಿಡಿದುಕೊಳ್ಳಲು ಸಿಬ್ಬಂದಿ ತಾಯಂದಿರಿಗೆ ಹೇಳಿದರು. ಅಪ್ಪಳಿಸಿದ ರಭಸಕ್ಕೆ ಯಾವ ಹಿಡಿತವೂ ನಿಲ್ಲಲಿಲ್ಲ. ಒಂದು ಮಗು ಉಳಿಯಲಿಲ್ಲ. ಆ ಸೂಚನೆ ಕೊಟ್ಟ ಗಗನಸಖಿ ಜಾನ್ ಬ್ರೌನ್, ಪ್ರತಿ ಮಗುವಿಗೂ ಪ್ರತ್ಯೇಕ ಸೀಟು ಕಡ್ಡಾಯವಾಗಲಿ ಎಂದು ಮುಂದೆ ದಶಕಗಳ ಕಾಲ ಹೋರಾಡಿದರು. ಆ ಕಡ್ಡಾಯ ನಿಯಮ ಇನ್ನೂ ಬಂದಿಲ್ಲ. ದುಡ್ಡು ಹೊಂದಿಸುವುದು ಕಷ್ಟವೇ. ಡಿಸೆಂಬರ್ ರಜೆಯ ದುಬಾರಿ ದಿನಗಳನ್ನು ಬಿಟ್ಟು ಹೊರಟರೆ ಉಳಿಯುವ ಹಣವನ್ನು ಈ ಸೀಟಿಗೆ ಹಾಕಬಹುದು.

2. ಆ ಸೀಟಿನ ಮೇಲೆ ಇಡುವ ಕಾರ್ ಸೀಟಿನ ಲೇಬಲ್ ಓದಿ. ಅಮೆರಿಕದ ಸೀಟಾದರೆ ಅದನ್ನು ವಿಮಾನದಲ್ಲೂ ಬಳಸಬಹುದು ಎಂದು ಕೆಂಪಕ್ಷರದಲ್ಲಿ ಬರೆದಿರುತ್ತದೆ. ಬೆನ್ನಿಲ್ಲದ ಬೂಸ್ಟರ್‌ಗೆ ಭುಜದ ಬೆಲ್ಟ್ ಬೇಕು. ವಿಮಾನದ ಸಾಮಾನ್ಯ ಸೀಟಿನಲ್ಲಿ ಅದಿಲ್ಲ, ಹಾಗಾಗಿ ಅದು ಅಲ್ಲಿ ಉಪಯೋಗಕ್ಕೆ ಬಾರದು.

3. ಕಾರ್ ಸೀಟಿನ ಭಾರ ಹೊರಲಾರಿರಾ? ಮಗುವನ್ನು ವಿಮಾನದ ಸೀಟಿಗೆ ಬಿಗಿಯುವ ಕೇರ್ಸ್ ಎಂಬ ಪಟ್ಟಿ ಕೈಚೀಲದಲ್ಲಿ ಹಿಡಿಯುತ್ತದೆ. 10ರಿಂದ 20 ಕಿಲೋ ತೂಕದ, ಸುಮಾರು ಒಂದು ಮೀಟರ್‌ವರೆಗೆ ಎತ್ತರದ, ತಾನಾಗಿ ಕೂರಬಲ್ಲ ಮಗುವಿಗೆ ಮಾತ್ರ. ಕಾರಿನಲ್ಲಿ ಅದನ್ನು ಬಳಸುವಂತಿಲ್ಲ.

4. ವಿಮಾನ ಸಂಸ್ಥೆಯ ಒಪ್ಪಿಗೆಯನ್ನು ಇಮೇಲ್‌ನಲ್ಲೇ ಪಡೆಯಿರಿ. ಸೀಟಿನ ಅಗಲ ಎಷ್ಟು, ಬೆಲ್ಟಿನೊಳಗೆ ಏರ್‌ಬ್ಯಾಗ್ ಇದೆಯೇ ಎಂದು ಕೇಳಿ. ಏರ್‌ಬ್ಯಾಗ್ ಬೆಲ್ಟಿಗೂ ಮಕ್ಕಳ ಸೀಟಿಗೂ ಹೊಂದಿಕೆಯಾಗುವುದಿಲ್ಲ. ಕಿಟಕಿ ಪಕ್ಕದ ಜಾಗವನ್ನೇ ಕಾದಿರಿಸಿ. ತುರ್ತು ಬಾಗಿಲಿನ ಸಾಲು ಬೇಡ.

5. ಬಿಗಿಯುವುದನ್ನು ಮನೆಯಲ್ಲೇ ಕಲಿಯಿರಿ. ವಿಮಾನದಲ್ಲಿ ಐಸೋಫಿಕ್ಸ್ ಕೊಂಡಿಗಳಿಲ್ಲ, ಸೊಂಟದ ಬೆಲ್ಟ್ ಒಂದೇ ಗತಿ. ಅದು ಕಾರ್ ಸೀಟಿನ ಯಾವ ಸಂದಿಯಲ್ಲಿ ತೂರಬೇಕೆಂದು ಮೊದಲೇ ನೋಡಿಟ್ಟುಕೊಳ್ಳಿ. ಬಿಗಿಯುವ ಮುನ್ನ, ಬಕಲ್‌ನ ಮುಚ್ಚಳ ಕೈಗೆ ಸಿಗುವ ಹಾಗಿದೆಯೇ ಎಂದೂ ನೋಡಿ. ಇಲ್ಲದಿದ್ದರೆ ಇಳಿಯುವಾಗ ಬಿಚ್ಚಲು ಪರದಾಡಬೇಕಾಗುತ್ತದೆ.

6. ನಿಮ್ಮ ಬೆಲ್ಟಿನೊಳಗೆ ಮಗುವನ್ನು ಸೇರಿಸಿಕೊಳ್ಳಬೇಡಿ. ಅಪ್ಪಳಿಸಿದಾಗ ನಿಮ್ಮ ಮೈಯೇ ಅದನ್ನು ಅದುಮುತ್ತದೆ. ದೊಡ್ಡವರ ಬೆಲ್ಟಿಗೆ ಸಿಕ್ಕಿಸುವ ಪುಟ್ಟ ಬೆಲ್ಟನ್ನು ಹಲವು ಸಂಸ್ಥೆಗಳು ಕೊಡುತ್ತವೆ. ಕುಲುಕಾಟದಲ್ಲಿ ಮಗು ಎಗರದಂತೆ ಅದು ತಡೆಯುತ್ತದೆ ನಿಜ, ಆದರೆ ಜೋರಾದ ಹೊಡೆತದಲ್ಲಿ ಅದಕ್ಕೂ ಇದೇ ಅಪಾಯ. ಅಮೆರಿಕದಲ್ಲಿ ಅದಕ್ಕೆ ಅನುಮತಿಯಿಲ್ಲ.

7. ಬ್ಯಾಸಿನೆಟ್ ಇರುವುದು ನಿದ್ದೆಗೆ. ಟೇಕಾಫ್, ಲ್ಯಾಂಡಿಂಗ್, ಕುಲುಕಾಟದ ಹೊತ್ತಿನಲ್ಲಿ ಮಲಗಿದ ಮಗುವನ್ನು ಎತ್ತಿಕೊಳ್ಳಲೇಬೇಕು. ಬೆಲ್ಟಿನ ದೀಪ ಆರಿದ ಮೇಲೂ, ಮಗು ಸೀಟಿನಲ್ಲಿರುವಷ್ಟು ಹೊತ್ತು ಪಟ್ಟಿ ಹಾಕಿಯೇ ಇರಲಿ.

8. ಇಳಿದ ಊರಿನ ಕಾನೂನು ತಿಳಿದಿರಲಿ. ಬ್ರಿಟನ್‌ನಲ್ಲಿ 12 ವರ್ಷ ಅಥವಾ 135 ಸೆಂಟಿಮೀಟರ್, ಜರ್ಮನಿಯಲ್ಲಿ 12 ವರ್ಷ ಅಥವಾ 150 ಸೆಂಟಿಮೀಟರ್ ಆಗುವವರೆಗೆ ಕಾರಿನಲ್ಲಿ ಮಕ್ಕಳ ಸೀಟು ಬೇಕು. ಟ್ಯಾಕ್ಸಿಗೆ ಕೆಲವೆಡೆ ವಿನಾಯಿತಿ ಇದೆ. ಕಾನೂನು ಬಿಟ್ಟರೂ ನೀವು ಬಿಡಬೇಡಿ. ಯುರೋಪಿಗೂ ಅಮೆರಿಕಕ್ಕೂ ಸೀಟಿನ ಮಾನದಂಡ ಬೇರೆ ಬೇರೆ. ದೀರ್ಘಕಾಲ ಇರುವುದಾದರೆ ಅಲ್ಲಿನದನ್ನೇ ಕೊಳ್ಳಿ.

9. ಚಳಿಗಾಲದ ಶಿಕಾಗೋದಲ್ಲಿ ಇಳಿದಿರಾ? ಕಾರ್ ಸೀಟಿಗೆ ಕೂರಿಸುವ ಮುನ್ನ ಮಗುವಿನ ದಪ್ಪ ಜಾಕೆಟ್ ಬಿಚ್ಚಿ. ಅದರೊಳಗಿನ ಗಾಳಿ ಒತ್ತಿಹೋದಾಗ ಪಟ್ಟಿ ಸಡಿಲವಾಗುತ್ತದೆ. ಪಟ್ಟಿ ಬಿಗಿದು, ಮೇಲೆ ಕಂಬಳಿ ಹೊದಿಸಿ.

10. ದೇವನಹಳ್ಳಿಯಲ್ಲಿ ಇಳಿದಾಗಲೂ ಪಟ್ಟು ಸಡಿಲಿಸಬೇಡಿ. ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಮನೆಗೆ ಕರೆದೊಯ್ಯಬೇಕೆಂದು ಅಜ್ಜ-ಅಜ್ಜಿ ಕಾದಿರುತ್ತಾರೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಪ್ರಕಾರ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಕಡ್ಡಾಯ, ತಪ್ಪಿದರೆ ಸಾವಿರ ರೂಪಾಯಿ ದಂಡ. ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂತ ಮಗುವಿಗೆ ಏರ್‌ಬ್ಯಾಗೇ ಮಾರಕವಾಗಬಹುದು. ಹೊರಡುವ ಮೊದಲೇ ಫೋನ್ ಮಾಡಿ ಇದನ್ನು ಬಿಡಿಸಿ ಹೇಳಿ, ಮಕ್ಕಳ ಸೀಟನ್ನು ಕಾರಿನ ಹಿಂದಿನ ಸೀಟಿಗೆ ಬಿಗಿಯಿರಿ. ಅಜ್ಜಿಗೆ ಅದರ ಪಕ್ಕದಲ್ಲೇ ಜಾಗವಿರಲಿ.