ಮಾತ್ರೆಯ ಜೊತೆ ಕಷಾಯ ಬೇಡ

ಪ್ರಶ್ನೆ: ನನ್ನ ಗಂಡನಿಗೆ 46 ವರ್ಷ. ಸಿಎಂಎಲ್ ರಕ್ತ ಕ್ಯಾನ್ಸರ್‌ಗೆ ಎಂಟು ತಿಂಗಳಿಂದ ಇಮ್ಯಾಟಿನಿಬ್ ಮಾತ್ರೆ ನಡೆಯುತ್ತಿದೆ. ಅತ್ತೆ ದಿನವೂ ಅಮೃತಬಳ್ಳಿ ಕಷಾಯ, ಪಪ್ಪಾಯಿ ಎಲೆಯ ರಸ ಕೊಡುತ್ತಾರೆ. ಡಾಕ್ಟರಿಗೆ ಹೇಳಿಲ್ಲ. ಮುಂದುವರಿಸಬಹುದೇ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ಎರಡನ್ನೂ ಇವತ್ತೇ ನಿಲ್ಲಿಸಿ, ತಾಯಿ. ಮಾತ್ರೆಯನ್ನು ಮಾತ್ರ ಒಂದು ದಿನವೂ ತಪ್ಪಿಸಬೇಡಿ.

ಇಮ್ಯಾಟಿನಿಬ್ ಪಚನವಾಗುವುದು ಯಕೃತ್ತಿನಲ್ಲಿ. ಅಮೃತಬಳ್ಳಿ ಸೇವಿಸಿ ಯಕೃತ್ತು ಕೆಟ್ಟ ರೋಗಿಗಳ ಬಗ್ಗೆ ಮುಂಬೈ ವೈದ್ಯರು 2021ರಲ್ಲೇ ವರದಿ ಮಾಡಿದ್ದಾರೆ. ಈಗ ತೊಂದರೆಯಾದರೆ ಅದು ಮಾತ್ರೆಯಿಂದಲೋ ಕಷಾಯದಿಂದಲೋ ಹೇಳುವುದು ಕಷ್ಟ. ಪಪ್ಪಾಯಿ ರಸ ಕೊಡುವುದು ಪ್ಲೇಟ್‌ಲೆಟ್ ಏರಲೆಂದು ಇರಬಹುದು; ಆದರೆ ಪ್ಲೇಟ್‌ಲೆಟ್ ಇಳಿದರೆ ಮಾತ್ರೆಯ ಪ್ರಮಾಣ ಸರಿಪಡಿಸಬೇಕಾದವರು ವೈದ್ಯರು, ಪಪ್ಪಾಯಿ ಎಲೆಯಲ್ಲ. ಯಾರಾದರೂ ಆಯುರ್ವೇದದ ಭಸ್ಮ ಕೊಡಿ ಎಂದರೆ, ಅದಂತೂ ಬೇಡವೇ ಬೇಡ. ಗ್ರೇಪ್‌ಫ್ರೂಟ್ ರಸವೂ ಬೇಡ, ಅದು ರಕ್ತದಲ್ಲಿ ಮಾತ್ರೆಯ ಮಟ್ಟ ಏರಿಸಬಹುದು.

ಈ ವಾರವೇ ವೈದ್ಯರ ಬಳಿ ಹೋಗಿ, ಏನು, ಎಷ್ಟು, ಎಷ್ಟು ದಿನ ಕೊಟ್ಟಿರಿ ಎಂದು ಮುಚ್ಚಿಡದೆ ಹೇಳಿ. ಯಕೃತ್ತಿನ ಪರೀಕ್ಷೆ, ರಕ್ತಕಣಗಳ ಎಣಿಕೆ ಮಾಡಿಸಿ. ರೋಗ ಎಷ್ಟು ಹತೋಟಿಯಲ್ಲಿದೆ ಎಂದು ತೋರಿಸುವ, ಮೂರು ತಿಂಗಳಿಗೊಮ್ಮೆಯ ಬಿಸಿಆರ್-ಎಬಿಎಲ್ ಪರೀಕ್ಷೆ ತಪ್ಪಿಸಬೇಡಿ. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಜ್ವರ 100.4 ಡಿಗ್ರಿ ದಾಟಿದರೆ ಅಂದೇ ಆಸ್ಪತ್ರೆಗೆ ಹೋಗಿ.

ನಡಿಗೆ, ಧ್ಯಾನ, ಸಾರಿಗೆ ಹಾಕುವ ಅರಿಶಿನಕ್ಕೆ ಅಡ್ಡಿಯಿಲ್ಲ. ಅತ್ತೆಯವರನ್ನೂ ಒಮ್ಮೆ ವೈದ್ಯರ ಬಳಿ ಕರೆದುಕೊಂಡು ಹೋಗಿ. ವೈದ್ಯರ ಬಾಯಿಂದಲೇ ಕೇಳಲಿ.