ಮಗಳ ಕೈಗೆ ಬಣ್ಣ ಕೊಡೋಣ



ಹಾವೇರಿ ಇರಲಿ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ತಾಯಂದಿರಿರಲಿ, ರಾಣೆಬೆನ್ನೂರಿನ ಬೀಜೋತ್ಪಾದನೆ ಹೊಲಕ್ಕೆ ಹೋಗುವವರಿರಲಿ, ಸಂಘದ ಸಭೆಯಲ್ಲಿ ಹೇಳುವ ಮಾತು ಒಂದೇ: "ಸಿಸ್ಟರ್, ಹುಡುಗಿ ಮೊದಲು ಪಟಪಟ ಮಾತಾಡ್ತಿದ್ಲು, ದೊಡ್ಡಾಕಿ ಆದಮ್ಯಾಲೆ ಬಾಯಿನ ಬಿಡವಲ್ಲಳ್ರಿ." "ನೀ ಕಪ್ಪ ಅದಿ", "ನಿನಗ ಸಾಲಿ ಯಾಕ" ಎಂಬ ಮಾತು ಕೇಳಿ ಕೇಳಿ, ತಾನು ಯಾತಕ್ಕೂ ಬಾರದವಳೆಂದು ನಂಬಿದ ಹುಡುಗಿ ಹೇಗೆ ಮಾತಾಡಿಯಾಳು? ಬಾಯಲ್ಲಿ ಹೇಳಲಾಗದ್ದನ್ನು ಗೆರೆ, ಬಣ್ಣಗಳಲ್ಲಿ ಹೊರತರಲು ನೆರವಾಗುವುದೇ ಚಿತ್ರಕಲಾ ಚಿಕಿತ್ಸೆ. 1942ರಲ್ಲಿ ಇದಕ್ಕೆ "ಆರ್ಟ್ ಥೆರಪಿ" ಎಂದು ಹೆಸರಿಟ್ಟವರು ಇಂಗ್ಲೆಂಡಿನ ಚಿತ್ರಕಾರ ಏಡ್ರಿಯನ್ ಹಿಲ್. ಕ್ಷಯರೋಗದಿಂದ ಆಸ್ಪತ್ರೆಯಲ್ಲಿದ್ದಾಗ ಚಿತ್ರ ಬರೆದೇ ಮನಸ್ಸು ಹಗುರ ಮಾಡಿಕೊಂಡವರು ಅವರು.

ಚಿಕಿತ್ಸೆ ಮಾಡುವುದು ತರಬೇತಿ ಪಡೆದವರ ಕೆಲಸ. ಅದರ ಚಿಕ್ಕದೊಂದು ಪಾಲನ್ನು ನಾವು ಸಂಘದಲ್ಲಿ ಮಾಡಬಹುದು. ವಾರಕ್ಕೊಂದು ತಾಸು, ಎಂಟು ಹತ್ತು ಹುಡುಗಿಯರು. ಹಳೇ ಕ್ಯಾಲೆಂಡರಿನ ಹಿಂಬದಿ, ಇದ್ದಿಲು, ಕೆಮ್ಮಣ್ಣು, ಅರಿಷಿಣ ಸಾಕು. (ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾಗಿದ್ದರೂ ಅದು ಬೇಡ, ಕಣ್ಣು ಉರಿದೀತು!) ಹಾಳೆಯ ಮೇಲೆ ಅಂಗೈ ಇಟ್ಟು ಸುತ್ತ ಗೆರೆ ಎಳೆಯಲಿ. ಒಂದೊಂದು ಬೆರಳಿನಲ್ಲಿ ತನಗೆ ಬರುವ ಒಂದೊಂದು ಕೆಲಸದ ಚಿತ್ರ ಬರೆಯಲಿ. "ನನಗೇನೂ ಬರಾಂಗಿಲ್ರಿ" ಎನ್ನುವ ಹುಡುಗಿ ರೊಟ್ಟಿ ಬಡಿಯುವುದು, ತಮ್ಮನನ್ನು ಆಡಿಸುವುದು, ಕಸೂತಿ, ಸಂತೆಯ ಲೆಕ್ಕ ಎಂದು ಬರೆಯುತ್ತ ಹೋದರೆ ಐದು ಬೆರಳು ಸಾಲುವುದಿಲ್ಲ. ತಾಯಿಯೂ ಪಕ್ಕದಲ್ಲಿ ಕೂತು ತನ್ನ ಕೈ ಬರೆಯಲಿ.

ಚಿತ್ರ ನೋಡಿ ನಾವೇನು ಅನ್ನುತ್ತೇವೆ ಎಂಬುದೇ ಇಲ್ಲಿ ಮುಖ್ಯ. "ಚಲೋ ಬಂದಿಲ್ಲ" ಬೇಡ. "ಭಾರಿ ಚಲೋ" ಕೂಡ ಬೇಡ. ಹಾಗಂದರೆ ಅವಳು ನಮ್ಮ ಮೆಚ್ಚುಗೆಗಾಗಿ ಬರೆಯತೊಡಗುತ್ತಾಳೆ, ಪಕ್ಕದವಳು ಕುಗ್ಗುತ್ತಾಳೆ. ಬಹುಮಾನವಂತೂ ಬೇಡವೇ ಬೇಡ. "ಇದರ ಬಗ್ಗೆ ಹೇಳವ್ವಾ" ಎಂದು ಕೇಳಿ ಸುಮ್ಮನೆ ಕೂತುಕೊಳ್ಳಿ. ಹೇಳದಿದ್ದರೆ ಬಿಡಿ. ಕಪ್ಪು ಬಳಿದಳೆಂದು ದುಃಖವಿದೆ ಎಂದು ಅರ್ಥ ಹಚ್ಚಬೇಡಿ, ಇದ್ದಿಲೇ ಕೈಗೆ ಸಿಕ್ಕಿರಬಹುದು. ಚಿತ್ರ ಅವಳದು. ಅವಳನ್ನು ಕೇಳದೆ ಗೋಡೆಗೆ ಅಂಟಿಸುವುದು, ಮೊಬೈಲಿನಲ್ಲಿ ಕಳಿಸುವುದು, ಓಣಿಯಲ್ಲಿ ಮಾತಾಡುವುದು ಸಲ್ಲದು.

ಆದರೆ ಯಾರೋ ಕೆಟ್ಟದಾಗಿ ಮುಟ್ಟಿದ್ದನ್ನೋ, ಹದಿನೆಂಟು ತುಂಬುವ ಮೊದಲೇ ಮದುವೆ ಗೊತ್ತು ಮಾಡಿದ್ದನ್ನೋ ಹುಡುಗಿ ಹೇಳಿದರೆ ಮುಚ್ಚಿಡಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಊಟ ನಿದ್ದೆ ಬಿಟ್ಟಿದ್ದರೆ, ಸಾಯುವ ಮಾತಾಡಿದರೆ ಟೆಲಿ ಮಾನಸ್ 14416 ಇದೆ. ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಗೂ ಕರೆದೊಯ್ಯಬಹುದು. ಹುಚ್ಚು ಹಿಡಿದವರಷ್ಟೇ ಅಲ್ಲಿಗೆ ಹೋಗುತ್ತಾರೆಂಬ ಮಾತು ನಂಬಬೇಡಿ.

ಮುಂದಿನ ಸಭೆಗೆ ಬರುವಾಗ ಹಳೇ ಕ್ಯಾಲೆಂಡರ್ ತನ್ನಿ.