ಟ್ಯೂಷನ್‌ಗೆ ಕಳಿಸುವ ಮುಂಚೆ

ಔರಾದ ಕಡೆಯ ತಂದೆ-ತಾಯಂದಿರಿಗೆ ಒಂದು ಮಾತು. ಮಗು ಗಣಿತದಲ್ಲಿ ಹಿಂದೆ ಬಿತ್ತೆಂದು ಟ್ಯೂಷನ್ ಹುಡುಕುವ ಮೊದಲು, ಒಂದು ಸಂಜೆ ಪಕ್ಕದಲ್ಲಿ ಕೂತು ಲೆಕ್ಕವನ್ನು ಗಟ್ಟಿಯಾಗಿ ಓದಿಸಿ. ‘ಎಕರೆಗೆ 5 ಕಿಲೋ ತೊಗರಿ ಬೀಜ ಬೇಕಾದರೆ ಮೂರೂವರೆ ಎಕರೆಗೆ ಎಷ್ಟು?’ ಹೊಲದಲ್ಲಿ ಕೇಳಿದರೆ ಹದಿನೇಳೂವರೆ ಎಂದು ಥಟ್ಟನೆ ಹೇಳುವ ಹುಡುಗ, ಪುಸ್ತಕದಲ್ಲಿ ‘ಬೇಕಾದರೆ’ ಅನ್ನುವಲ್ಲೇ ತಡವರಿಸುತ್ತಾನೆ. ಅವನಿಗೆ ಬಾರದಿರುವುದು ಗುಣಾಕಾರವಲ್ಲ, ಓದು.

ಮಹಾರಾಷ್ಟ್ರ, ತೆಲಂಗಾಣಗಳಿಗೆ ಅಂಟಿಕೊಂಡ ತಾಲ್ಲೂಕು ನಮ್ಮದು. ಎಷ್ಟೋ ಮನೆಗಳಲ್ಲಿ ಮರಾಠಿ, ತಾಂಡಾಗಳಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ. ತಡವರಿಸುವುದು ದಡ್ಡತನವಲ್ಲ, ದಯವಿಟ್ಟು ಹಾಗೆ ಬೈಯಬೇಡಿ. ಬೇರೆ ಭಾಷೆಗಳ ನಡುವೆ ಕನ್ನಡ ಕಲಿಯುವುದು ಇಲ್ಲಿ ಹೊಸದೇನಲ್ಲ; ನಿಜಾಮರ ಕಾಲದಲ್ಲೇ ಶಾಲೆಯ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರ ಜಿಲ್ಲೆಯಿದು.

ದಿನಾ ಅರ್ಧ ತಾಸು ಕನ್ನಡ ಓದಿಸಿ. ಅಕ್ಷರ ಬಾರದ ಅವ್ವನೂ ಕೇಳಿಸಿಕೊಂಡು, ‘ಈಗ ಅದನ್ನೇ ನಮ್ಮ ಮಾತಿನಾಗ ಹೇಳಪ್ಪಾ’ ಅನ್ನಬಹುದು.

ಶಾಲೆಯಲ್ಲಿ ಕೇಳಲು ಸಂಕೋಚ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಮು ಶಿಕ್ಷಕರ ಖಾಸಗಿ ಪಾಠವನ್ನು ನಿಷೇಧಿಸುತ್ತದೆ. ಹಿಂದುಳಿದ ಮಗುವಿಗೆ ಅಗತ್ಯವಿದ್ದಷ್ಟು ಹೆಚ್ಚುವರಿ ಪಾಠ ಹೇಳುವುದನ್ನು 24ನೇ ಕಲಮು ಅವರ ಕರ್ತವ್ಯವೆನ್ನುತ್ತದೆ. ಟ್ಯೂಷನ್ ಫೀ ಕಟ್ಟುವ ಮೊದಲು ಮಗುವಿನ ಗುರುಗಳನ್ನು ಒಮ್ಮೆ ಕಂಡು ಬನ್ನಿ.